ಕಡ್ಲಿ ಹುಳಿಯ ಸೀಸೆ

ನಮ್ಮ ಮನೆಗೆ ಚಳಿಗಾಲ ಬಂದದ್ದು ಮೊದಲು ಎತ್ತುಗಳಿಗೆ ಗೊತ್ತಾಗುತ್ತಿತ್ತು, ಆಮೇಲೆ ಅಮ್ಮನಿಗೆ, ಕೊನೆಗೆ ನಮಗೆ. ತಲಬಾಗಿಲು ದಾಟಿದರೆ ಎಡಕ್ಕೆ ದನದ ಅಂಕಣ, ಬಲಕ್ಕೆ ಒಂದು ಮೊಳ ಎತ್ತರದ ಪಡಸಾಲೆ. ನಡುವೆ ಗೋಡೆ ಇರಲಿಲ್ಲ. ಮಲಗಿದಲ್ಲಿಂದಲೇ ಎತ್ತುಗಳ ಮುಖ ಕಾಣುತ್ತಿತ್ತು. ದೀಪಾವಳಿ ಕಳೆದು ಹತ್ತು ದಿನಕ್ಕೆ ಒಂದು ಮುಂಜಾನೆ ಅವುಗಳ ಉಸಿರು ಹೊಗೆಯ ಹಾಗೆ ಹೊರಗೆ ಬರುವುದು ಕಂಡರೆ, ಅಮ್ಮ ಅಂದೇ ಗಳಕ್ಕೆ ಕಟ್ಟಿದ್ದ ಕೌದಿಗಳ ಗಂಟು ಇಳಿಸುತ್ತಿದ್ದಳು, ಎತ್ತುಗಳ ಬೆನ್ನಿಗೆ ಹಳೆಯ ಗೋಣಿತಟ್ಟು ಹೊದಿಸುತ್ತಿದ್ದಳು, ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚಲು ಶುರು ಮಾಡುತ್ತಿದ್ದಳು. ಅಮ್ಮ ಅಂದರೆ ನನ್ನ ಅಪ್ಪನ ತಾಯಿ. ನಮ್ಮ ಕಡೆ ಅಜ್ಜಿಗೆ ಅಮ್ಮ ಅನ್ನುತ್ತೇವೆ, ಹೆತ್ತವಳಿಗೆ ಅವ್ವ. ನನ್ನ ಅವ್ವ ನಾನು ನಾಲ್ಕು ವರ್ಷದವಳಿದ್ದಾಗ ತೀರಿಹೋದಳು. ಆಕೆಯದು ಅಂತ ನನಗೆ ನೆನಪಿರುವುದು ಒಂದೇ, ಚಳಿಯಲ್ಲಿ ಸೆರಗಿನ ಒಳಗೆ ಬರುತ್ತಿದ್ದ ಒಲೆಯ ಹೊಗೆಯ ವಾಸನೆ. ಅದೂ ಅವ್ವನ ಸೆರಗೋ ಅಮ್ಮನ ಸೆರಗೋ ಈಗ ಖಾತ್ರಿ ಇಲ್ಲ.

ಯಲಬುರ್ಗಾದಿಂದ ಕುಷ್ಟಗಿಯ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಒಂದು ತಾಸು ನಡೆದರೆ ನಮ್ಮೂರು. ಊರಿನ ಕೊನೆಯ ಸಾಲಿನಲ್ಲಿ ನಮ್ಮ ಮನೆ. ಹಿತ್ತಲ ಬಾಗಿಲು ತೆರೆದರೆ ಒಂದು ಜಾಲಿಮುಳ್ಳಿನ ಬೇಲಿ, ಬೇಲಿಯಾಚೆ ನಮ್ಮದೇ ಎರಿ ಹೊಲ. ಮಳೆಗಾಲದಲ್ಲಿ ಆ ಕರಿ ಮಣ್ಣು ಕಾಲಿಗೆ ಮೆತ್ತಿ ಚಪ್ಪಲಿ ಕಸಿದುಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತಿತ್ತು. ಚಳಿಗಾಲದ ಮೂರು ತಿಂಗಳು ಮಾತ್ರ ಅದು ನಮ್ಮ ಸಂಗಡ ಹೊಂದಿಕೊಂಡು ಇರುತ್ತಿತ್ತು. ಮನೆಯ ಕಡೆಗೆ ಕಡಲೆ, ಆಚೆಗೆ ಬಿಳಿಜೋಳ, ಸುತ್ತಲೂ ನಾಲ್ಕು ಸಾಲು ಕುಸುಬೆ. ಕುಸುಬೆಗೆ ಮುಳ್ಳಿರುವುದರಿಂದ ಮೇಯುವ ಪ್ರಾಣಿ ಒಳಗೆ ಬರುವುದಿಲ್ಲ ಅನ್ನುವುದು ಅಪ್ಪನ ನಂಬಿಕೆ. ಚಿಗರಿಗಳು ಅದನ್ನು ನಂಬಿರಲಿಲ್ಲ. ತಿರುಚಿದ ಕೊಂಬಿನ ಕರಿ ಗಂಡು ಒಂದು, ಅದರ ಹಿಂದೆ ಹತ್ತು ಹದಿನೈದು ಕಂದು ಹೆಣ್ಣು, ಬೆಳಕು ಹರಿಯುವ ಮೊದಲು ಕುಸುಬೆಯ ಸಾಲನ್ನು ಒಂದೇ ನೆಗೆತಕ್ಕೆ ದಾಟಿ ಕಡಲೆಯೊಳಗೆ ಇಳಿಯುತ್ತಿದ್ದವು. ಜೋಳ ಹಾಲು ತುಂಬುವ ಹೊತ್ತಿಗೆ ಗುಲಾಬಿ ಮೈ, ಕರಿ ತಲೆಯ ಹಕ್ಕಿಗಳು ಮೋಡದ ಹಾಗೆ ಬಂದು ಬೀಳುತ್ತಿದ್ದವು. ಅಪ್ಪ ಹೊಲದ ಅಟ್ಟದ ಮೇಲೆ ಕವಣೆ ಹಿಡಿದು ನಿಂತು ಕೂಗಿ ಕೂಗಿ, ಮನೆಗೆ ಬರುವಷ್ಟರಲ್ಲಿ ದನಿಯೇ ಇರುತ್ತಿರಲಿಲ್ಲ. ಚಳಿಗಾಲದ ರಾತ್ರಿಯ ಊಟ ನಮ್ಮಲ್ಲಿ ಮಾತಿಲ್ಲದ ಊಟ. ಅಪ್ಪ ರೊಟ್ಟಿ ಬೇಕಾದರೆ ಬೆರಳು ತೋರಿಸುತ್ತಿದ್ದ. ಅಮ್ಮ ಒಬ್ಬಳೇ ಮಾತಾಡುತ್ತಿದ್ದಳು.

"ಯಾಕ ಅಷ್ಟು ಒದರತೀಯೋ. ಚಿಗರಿ ಮೊದಲ, ಹಕ್ಕಿ ಆಮ್ಯಾಲ, ನಾವು ಕಡೀಕ. ಉಳದದ್ದು ನಮ್ಮದು. ಎಂದರ ಉಳದಿಲ್ಲೇನು?"

ಅಮ್ಮನಿಗೆ ಆ ಹೊಲದಲ್ಲಿ ಕಾಳಿಗಿಂತ ಹೆಚ್ಚು ಬೇಕಾದದ್ದು ಇನ್ನೊಂದಿತ್ತು, ಕಡ್ಲಿ ಹುಳಿ. ಕಡಲೆ ಗಿಡ ಹೂ ಬಿಡುವ ಕಾಲಕ್ಕೆ ಅದರ ಎಲೆಯ ಮೇಲೆ ಕಣ್ಣಿಗೆ ಕಾಣದ ಹುಳಿ ಒಸರುತ್ತದೆ. ಬರಿಗಾಲಲ್ಲಿ ಕಡಲೆ ಹೊಲ ತಿರುಗಿದವರ ಕಾಲು ಉರಿಯುವುದು ಅದರಿಂದಲೇ. ರಾತ್ರಿ ಬಿದ್ದ ಇಬ್ಬನಿ ಆ ಹುಳಿಯನ್ನು ಕರಗಿಸಿಕೊಂಡು ಕೂತಿರುತ್ತದೆ. ಅಮ್ಮ ಒಂದು ಹಳೆಯ ಧೋತರವನ್ನು ಸಂಜೆ ಗಿಡಗಳ ಮೇಲೆ ಹಾಸುತ್ತಿದ್ದಳು. ಮುಂಜಾನೆ ತೊಯ್ದ ಧೋತರವನ್ನು ಹಿಂಡದೆ, ಝಾಡಿಸದೆ ತಂದು ನೆರಳಲ್ಲಿ ಒಣಗಿಸುತ್ತಿದ್ದಳು. ಸಂಜೆಗೆ ಮತ್ತೆ ಹಾಸುವುದು. ಇಪ್ಪತ್ತು, ಇಪ್ಪತ್ತೈದು ದಿನ ಹೀಗೆ ಮಾಡಿದರೆ ಬಟ್ಟೆ ಒಣ ಚರ್ಮದ ಹಾಗೆ ಬಿರುಸಾಗಿ, ಮೂಗಿನ ಹತ್ತಿರ ತಂದರೆ ಬಾಯಲ್ಲಿ ನೀರು ಬರುತ್ತಿತ್ತು. ಆಗ ಅದನ್ನು ಮಣ್ಣಿನ ಬೋಗುಣಿಯಲ್ಲಿ ಒಂದಿಷ್ಟು ನೀರಿಗೆ ನೆನೆಸಿ, ಹಿಂಡಿ, ಒಂದು ಹಸಿರು ಗಾಜಿನ ಸೀಸೆಗೆ ತುಂಬುತ್ತಿದ್ದಳು. ಕುತ್ತಿಗೆಯ ತನಕ ಒಂದು ಸೀಸೆ. ಅದು ಊರಿಗೆಲ್ಲ ವರ್ಷದ ಔಷಧ. ಹೊಟ್ಟೆನೋವು, ಅಜೀರ್ಣ ಅಂತ ಯಾರು ಬಂದರೂ ಬಿಸಿನೀರಿಗೆ ನಾಲ್ಕು ಹನಿ ಬಿಟ್ಟು ಕೊಡುತ್ತಿದ್ದಳು. ಅಮ್ಮನಿಗೆ ಊರಲ್ಲಿ ಒಂದು ಮಾನ ಇತ್ತಲ್ಲ, ಅದು ಆ ಸೀಸೆಯಲ್ಲಿತ್ತು.

ಚಿಗವ್ವ ಬಂದದ್ದು ನಾನು ಒಂಬತ್ತು ವರ್ಷದವಳಿದ್ದಾಗ. ಚಿಗಪ್ಪ, ಅಂದರೆ ಅಪ್ಪನ ತಮ್ಮ, ಯಲಬುರ್ಗಾದ ಒಂದು ಸರಕಾರಿ ಕಚೇರಿಯಲ್ಲಿ ಜವಾನ. ವಾರವೆಲ್ಲ ಅಲ್ಲೇ ಇದ್ದು ಶನಿವಾರ ಸಂಜೆ ಸೈಕಲ್ಲಿನ ಮೇಲೆ ಬರುತ್ತಿದ್ದ. ಆತನಿಗೆ ಗಂಗಾವತಿಯ ಆಚೆಯ ಕಾಲುವೆ ಊರಿನಿಂದ ಹೆಣ್ಣು ತಂದರು. ಆಕೆಗೆ ಹದಿನೆಂಟೋ ಹತ್ತೊಂಬತ್ತೋ. ಎತ್ತರದ ಹೆಂಗಸು, ಉದ್ದನೆಯ ಗಟ್ಟಿ ಕೈ. ನೀರಿನ ಊರಲ್ಲಿ ಬೆಳೆದವಳು. ಹುಟ್ಟಿದಾಗಿನಿಂದ ಅನ್ನ ಉಂಡವಳು. ನಮ್ಮಲ್ಲಿ ಅನ್ನ ಹಬ್ಬಕ್ಕೆ, ಇಲ್ಲವೆ ಜ್ವರಕ್ಕೆ. ಬಂದ ಹೊಸದರಲ್ಲಿ ರೊಟ್ಟಿ ಬಡಿಯಲು ಬರದೆ ಆಕೆ ಕೂತಲ್ಲೇ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬಟ್ಟೆ ಒಗೆಯುವುದು ಮಾತ್ರ ಆಕೆಗೆ ಬಹಳ ಚೆನ್ನಾಗಿ ಬರುತ್ತಿತ್ತು. ಕಾಲುವೆಯ ಕಲ್ಲಿನ ಮೇಲೆ ಗದ್ದೆಯ ಕೆಸರಿನ ಬಟ್ಟೆ ಒಗೆದು ಪಳಗಿದ ಕೈ. ಹಿಂಡಿದರೆ ಸೀರೆ ಹಗ್ಗದ ಹಾಗೆ ಹುರಿಯಾಗುತ್ತಿತ್ತು. ಹರವಿದರೆ ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ. ಬಟ್ಟೆ ಒಣಗಿದ ಮೇಲೂ ಮೈತುಂಬ ಸುಕ್ಕಿನ ಗೆರೆ ಉಳಿಯುತ್ತಿದ್ದವು.

"ಬಟ್ಟಿ ಐತೆವ್ವ ಅದು, ಕಬ್ಬಲ್ಲ," ಅಂತ ಅಮ್ಮ ಅನ್ನುತ್ತಿದ್ದಳು. "ರಸ ತಗೀಬ್ಯಾಡ."

ಚಳಿ ಬಂದ ಮೇಲೆ ಚಿಗವ್ವ ಇನ್ನೂ ಸಣ್ಣಗಾದಳು. ನಮ್ಮ ಚಳಿ ಆಕೆಯ ಊರಿನ ಚಳಿಯಲ್ಲ. ಬಯಲಿನಲ್ಲಿ ತಡೆಯುವುದಕ್ಕೆ ಒಂದು ಗುಡ್ಡ ಇಲ್ಲ, ತೋಪಿಲ್ಲ. ಮೂಡಗಾಳಿ ನೇರ ಹಿತ್ತಲ ಬಾಗಿಲಿಗೆ ಬಂದು ಬಡಿಯುತ್ತಿತ್ತು. ಆಕೆ ಒಲೆಯ ಮುಂದೆ ಮೊಳಕಾಲು ಅಪ್ಪಿಕೊಂಡು ಕೂತಿರುತ್ತಿದ್ದಳು. ಜೋಳದ ಹೊಲದಿಂದ ನರಿ ಕೂಗಿದರೆ ಬೆಚ್ಚಿ ನನ್ನ ಕೈ ಹಿಡಿಯುತ್ತಿದ್ದಳು. ಆಕೆಯ ಹಾಸಿಗೆ ನನ್ನ ಹಾಸಿಗೆಯ ಪಕ್ಕದಲ್ಲೇ ಇತ್ತು. ಚಿಗಪ್ಪ ಇಲ್ಲದ ಆರು ದಿನ ನನ್ನನ್ನು ತನ್ನ ಕೌದಿಯೊಳಗೆ ಎಳೆದುಕೊಂಡು ಮಲಗುತ್ತಿದ್ದಳು. ನನ್ನ ಕಾಲು ತಣ್ಣಗಿವೆ ಅಂತ ತನ್ನ ಎರಡು ಕಾಲಿನ ನಡುವೆ ಇಟ್ಟುಕೊಳ್ಳುತ್ತಿದ್ದಳು. ಆ ತನಕ ನನಗೆ ಹಾಗೆ ಯಾರೂ ಮಾಡಿರಲಿಲ್ಲ. ಮಾಡಿದ್ದರೂ ನೆನಪಿರಲಿಲ್ಲ. ಒಂದು ವಾರಕ್ಕೇ ನನಗೆ ಅದು ರೂಢಿಯಾಯಿತು. ಎರಡನೆಯ ವಾರದಿಂದ ಹೆದರಿಕೆ ಶುರುವಾಯಿತು.

ಹೆದರಿಕೆ ಹುಟ್ಟಿಸಿದವಳು ಪಕ್ಕದ ಮನೆಯ ನೀಲವ್ವ. ಬಾವಿಯ ಕಟ್ಟೆಯ ಮೇಲೆ ಕೊಡ ಇಟ್ಟು, ನಾನು ಅಲ್ಲೇ ಇದ್ದೇನೆ ಅನ್ನುವುದನ್ನು ನೋಡಿಯೂ ನೋಡದವಳ ಹಾಗೆ ಇನ್ನೊಬ್ಬಳಿಗೆ ಹೇಳಿದಳು.

"ನೀರಾವರಿ ಹೆಣ್ಣು ಒಣ ಭೂಮ್ಯಾಗ ನಾಟೂದಿಲ್ಲ ತಗೋ. ಸಂಕ್ರಾಂತಿಗೆ ಅವರಣ್ಣ ಕರಿಯಾಕ ಬರತಾನ. ಹೋದರ ಹೋದಂಗ ಆಕಿ."

ಸಂಕ್ರಾಂತಿಗೆ ಇನ್ನೂ ತಿಂಗಳಿತ್ತು. ನಾನು ದಿನಾ ಚಿಗವ್ವನಿಗೆ ನಮ್ಮೂರು ಇಷ್ಟವಾಗುವ ಹಾಗೆ ಮಾಡಲು ನೋಡಿದೆ. ಬಾರಿಹಣ್ಣು ತಂದುಕೊಟ್ಟೆ. ಶೇಂಗಾ ಸುಟ್ಟುಕೊಟ್ಟೆ. ಮೊಲದ ಹಿಕ್ಕೆ ತೋರಿಸಿದೆ, ಅದನ್ನು ನೋಡಿ ಆಕೆ ಏನು ಮಾಡಬೇಕಿತ್ತೋ ಗೊತ್ತಿಲ್ಲ. ಚಿಗವ್ವ ಎಲ್ಲದಕ್ಕೂ ನಗುತ್ತಿದ್ದಳು, ಆದರೆ ಹಿತ್ತಲ ಬೇಲಿ ದಾಟಿ ಹೊಲಕ್ಕೆ ಬರುತ್ತಿರಲಿಲ್ಲ. "ಥಂಡಿ ಐತಿ ಗಿರಿಜಾ, ನೀ ಹೋಗಿ ಬಂದು ಹೇಳು, ನಾ ಕೇಳತೀನಿ," ಅನ್ನುತ್ತಿದ್ದಳು.

ಎಳ್ಳಮಾವಾಸ್ಯೆ ನಾಲ್ಕು ದಿನ ಇರುವಾಗ ಅದು ಆಯಿತು. ಹಬ್ಬಕ್ಕೆ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಹೋಗುವಾಗ ಮನೆಯ ಬಟ್ಟೆಯೆಲ್ಲ ಮಡಿಯಾಗಿರಲಿ ಅಂತ ಚಿಗವ್ವ ಒಂದು ಮುಂಜಾನೆ ಯಾರೂ ಹೇಳದೆಯೇ ಒಗೆಯಲು ಕೂತಳು. ಅಮ್ಮ ಹಿಟ್ಟಿನ ಗಿರಣಿಗೆ ಪಕ್ಕದ ಊರಿಗೆ ಹೋಗಿದ್ದಳು. ನಾನು ಶಾಲೆಗೆ ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಹಿತ್ತಲ ಬೇಲಿಯ ಮೇಲೆ ಕೌದಿ, ಸೀರೆ, ಅಪ್ಪನ ಅಂಗಿ, ಅವುಗಳ ನಡುವೆ ಅಮ್ಮನ ಹುಳಿ ಧೋತರ. ಇಪ್ಪತ್ತೆರಡು ಮುಂಜಾನೆಯ ಇಬ್ಬನಿ ಕುಡಿದಿದ್ದ ಬಟ್ಟೆ. ಬೆಳ್ಳಗೆ, ಮೆತ್ತಗೆ, ಸಾಬೂನಿನ ವಾಸನೆ ಹೊಡೆಯುತ್ತ ಗಾಳಿಗೆ ಆಡುತ್ತಿತ್ತು. ಕಾಲುವೆ ಊರಿನಲ್ಲಿ ಕಡಲೆ ಬೆಳೆಯುವುದಿಲ್ಲ. ಇದೊಂದು ಹೊಲಸು ಬಟ್ಟೆ, ನೆರಳಲ್ಲಿ ಮರೆತು ಬಿಟ್ಟಿದ್ದಾರೆ ಅಂತ ಆಕೆ ತಿಳಿದಿದ್ದಳು.

"ಕಲೆ ಬಿದ್ದಿತ್ತು ನೋಡವ್ವ ಅದಕ, ಎರಡು ಸಲ ಸಾಬೂನು ಹಚ್ಚೀನಿ," ಅಂದಳು, ಮೆಚ್ಚಿಕೊಳ್ಳುತ್ತಾರೆ ಅಂತ.

ನಾನು ಹೇಳಿದೆ, ಅದು ಏನು ಅಂತ. ಚಿಗವ್ವ ಅಳಲಿಲ್ಲ. ನೀರೊಲೆಯ ಹತ್ತಿರ ಹೋಗಿ ಕೂತು, ಗೋಡೆಗೆ ತಲೆ ಆನಿಸಿ, "ಈ ಮನ್ಯಾಗ ನಂದೇನೂ ನೆಟ್ಟಗ ಆಗೂದಿಲ್ಲ," ಅಂದಳು. ತವರಿನ ಟ್ರಂಕು ಆಕೆಯ ಬೆನ್ನ ಹಿಂದೆಯೇ ಇತ್ತು. ನಾನು ಆ ಟ್ರಂಕನ್ನೇ ನೋಡುತ್ತಾ ನಿಂತೆ.

ಅಮ್ಮ ಹಿಟ್ಟಿನ ಬುಟ್ಟಿ ಇಳಿಸಿದಳು, ನೀರು ಕುಡಿದಳು, ಹಿತ್ತಲಿಗೆ ಹೋದಳು. ಅಲ್ಲಿಂದಲೇ ಕರೆದಳು.

"ಯಾರು ಒಗದಾರ ಇದನ್ನ?"

"ನಾನ, ಅಮ್ಮ," ಅಂದೆ ನಾನು.

"ನೀನ?"

"ಹ್ಞೂಂ. ಹೊಲಸಾಗಿತ್ತು ಅಂತ."

ಹುಟ್ಟಿದಾಗಿನಿಂದ ಆ ಧೋತರ ನೋಡುತ್ತ ಬೆಳೆದ ಹುಡುಗಿ ಹೇಳುವ ಸುಳ್ಳಲ್ಲ ಅದು. ಅಮ್ಮ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಈ ತುದಿಯಿಂದ ಆ ತುದಿಯ ತನಕ ಹಗ್ಗ ಹೊಸೆದ ಹಾಗೆ ಸುಕ್ಕಿನ ಗೆರೆ. ಆಮೇಲೆ ನನ್ನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು.

"ಈ ಕೈಯಾಗ ಇಷ್ಟು ಕಸುವು ಯಾವಾಗ ಬಂತು?"

ಚಿಗವ್ವ ಬಾಗಿಲಲ್ಲಿ ಬಂದು ನಿಂತಿದ್ದಳು, ಬಾಯಿ ತೆರೆದು ಹೇಳಲು ಬಂದವಳು. ಅಮ್ಮ ಆಕೆಗೆ ಹೇಳಲು ಬಿಡಲಿಲ್ಲ.

"ಕಳದಾಕಿನ ತುಂಬಬೇಕು. ನಾಳಿಯಿಂದ ಮುಂಜಾನೆದ್ದು ಹೊಲಕ್ಕ ಹೋಗು. ಒಣಗಿಸಿಕೋತ ಕೂಡಾಕ ಈಗ ಯಾಳ್ಯಾ ಇಲ್ಲ, ಗಿಡ ಕಾಯಿ ಕಟ್ಟಾಕ ಹತ್ಯಾವ. ದಿನಾ ಹಿಂಡಕೊಂಡು ಬಾ, ಬಿಸಿಲಿಗಿಟ್ಟು ಇಂಗಿಸು. ಸೀಸೆ ಕುತ್ತಿಗಿ ತನಕಾ ತುಂಬಬೇಕು." ಧೋತರವನ್ನು ನನ್ನ ಕೈಗೆ ಕೊಟ್ಟು ಅಂದಳು, "ಸಣ್ಣ ಹುಡುಗಿ, ಒಬ್ಬಾಕಿನ ಹೆಂಗ ಹೋಗತಾಳ ಕತ್ತಲಾಗ. ಯಾರರ ಜೋಡಿ ಹೋಗ್ರಿ."

ಮನೆಯಲ್ಲಿ ಯಾರರ ಅಂದರೆ ಇನ್ಯಾರು ಇದ್ದರು?

ಮರುದಿನ ಚಿಗವ್ವ ಕೌದಿ ಹೊದ್ದು, ಹಲ್ಲು ಕಟಕಟ ಅನ್ನಿಸುತ್ತ ನನ್ನ ಹಿಂದೆ ಹೊಸ್ತಿಲು ದಾಟಿದಳು. ಮಂಜು ಎಷ್ಟು ಬಿದ್ದಿತ್ತೆಂದರೆ ಬೇಲಿ ಕಂಡರೆ ಹೊಲ ಕಾಣುತ್ತಿರಲಿಲ್ಲ. ಹಿಂದಿನ ಸಂಜೆ ನಾನು ಹಾಸಿಟ್ಟ ಧೋತರ ಕಡಲೆ ಗಿಡಗಳ ಮೇಲೆ ಭಾರವಾಗಿ ಒರಗಿತ್ತು. ಅದರ ಮೇಲೆ ಜೇಡವೊಂದು ಆಗಲೇ ಬಲೆ ಕಟ್ಟಿ ಇಬ್ಬನಿಯ ಮಣಿ ಪೋಣಿಸಿಕೊಂಡು ಕೂತಿತ್ತು. ಚಿಗವ್ವ ಬಗ್ಗಿ ಅದನ್ನು ನೋಡಿದಳು, ಬಲೆ ಹರಿಯದ ಹಾಗೆ ಒಂದು ಮೂಲೆಯಿಂದ ಬಟ್ಟೆ ಎತ್ತಿದಳು. ಅಷ್ಟರಲ್ಲಿ ಮಂಜಿನ ಒಳಗಿನಿಂದ ಕರ್ ಕರ್ ಅನ್ನುವ ದನಿ ಬಂತು. ಒಂದಲ್ಲ, ನೂರು. ಆಕೆ ನನ್ನ ಭುಜ ಹಿಡಿದಳು.

"ಏನದು?"

"ಹಕ್ಕಿ."

"ಇಷ್ಟು ದೊಡ್ಡ ದನಿ ಹಕ್ಕೀದು?"

ಬಿಸಿಲು ಬಿದ್ದು ಮಂಜು ಸರಿದಾಗ ಅವು ಕಂಡವು. ನನ್ನ ಎದೆಮಟ್ಟದ ಎತ್ತರ, ಬೂದಿ ಬಣ್ಣ, ಕರಿ ಕುತ್ತಿಗೆ, ಕಣ್ಣಿನ ಹಿಂದೆ ಬಿಳಿ ಗರಿಯ ಎಳೆ. ಪ್ರತಿ ಚಳಿಗಾಲಕ್ಕೆ ಬರುತ್ತಿದ್ದವು. ಎಲ್ಲಿಂದ ಅಂತ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೆಸರು ಕೂಡ ಇಟ್ಟಿರಲಿಲ್ಲ, ದೊಡ್ಡ ಹಕ್ಕಿ ಅನ್ನುತ್ತಿದ್ದರು. ಕುಸುಬೆಯ ಸಾಲಿನಾಚೆ ಸಾಲಾಗಿ ನಿಂತು, ನಮ್ಮನ್ನು ನೋಡಿ, ಹೆಂಗಸರು ಬಾವಿಯ ಹತ್ತಿರ ಮಾತಾಡಿದ ಹಾಗೆ ಒಂದರ ಮುಖ ಒಂದು ನೋಡಿ ಮಾತಾಡಿಕೊಂಡು, ಮತ್ತೆ ಮೇಯಲು ಬಗ್ಗಿದವು. ಚಿಗವ್ವ ಚಳಿ ಮರೆತು ನಿಂತಿದ್ದಳು.

"ನಮ್ಮೂರಾಗ ಕಾಲುವಿ ಸಪ್ಪಳದಾಗ ಏನೂ ಕೇಳಸೂದಿಲ್ಲ," ಅಂದಳು. "ಇಲ್ಲಿ ಎಲ್ಲಾ ಕೇಳತೈತಿ."

ಅಂದಿನಿಂದ ಆಕೆ ನನಗಿಂತ ಮೊದಲು ಏಳತೊಡಗಿದಳು. ದಿನಾ ಒಂದು ಹೊಸದು ಕಾಣುತ್ತಿತ್ತು. ಚಿಗರಿಗಳು ಓಡುವ ಮೊದಲು ಗಂಡು ಒಮ್ಮೆ ನೆಲಕ್ಕೆ ಕಾಲು ಬಡಿಯುವುದನ್ನು ಮೊದಲು ಕಂಡುಹಿಡಿದವಳು ಆಕೆಯೇ, ನಾನು ಅಷ್ಟು ವರ್ಷ ನೋಡಿದರೂ ನೋಡಿರಲಿಲ್ಲ. ಬಾರಿಗಿಡದ ಕೆಳಗೆ ಹಣ್ಣು ತಿನ್ನಲು ಒಂದು ನರಿ ಬರುತ್ತಿತ್ತು. ಕೂಗಿದಾಗ ಎದೆ ನಡುಗಿಸುತ್ತಿದ್ದ ಪ್ರಾಣಿ ಬೆಳಕಿನಲ್ಲಿ ನೋಡಿದರೆ ಬೆಕ್ಕಿಗಿಂತ ಸ್ವಲ್ಪ ದೊಡ್ಡದು, ತೊಯ್ದ ಬಾಲ, ಮುಖದ ತುಂಬ ಅನುಮಾನ. ಹೊಲದ ಬದುವಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ನಡೆದು, ನಿಂತು, ಮೂಸಿ, ನಮ್ಮನ್ನು ಒಂದು ಸಲ ನೋಡಿ ಹೋಗುತ್ತಿತ್ತು.

"ಪಟವಾರಿ ಬಂದ ನೋಡು, ಹೊಲ ಅಳಿಯಾಕ," ಅಂದಳು ಚಿಗವ್ವ. ಆಮೇಲೆ ಅದಕ್ಕೆ ಪಟವಾರಿ ಅಂತಲೇ ಹೆಸರಾಯಿತು. ರಾತ್ರಿ ಅದು ಕೂಗಿದರೆ ಆಕೆ ನನ್ನ ಕೈ ಹಿಡಿಯುವುದು ಬಿಟ್ಟು, "ಇವನಿಗೆ ನಡುರಾತ್ರ್ಯಾಗ ಏನು ಕೆಲಸೋ," ಅಂತ ಗೊಣಗಿ ಮಗ್ಗಲು ಬದಲಿಸುತ್ತಿದ್ದಳು.

ನಮ್ಮ ಕೆಲಸ ಹೀಗೆ ಹಂಚಿಕೆಯಾಗಿತ್ತು. ಬೋಗುಣಿ ಹಿಡಿಯುವವಳು ನಾನು, ಬಟ್ಟೆ ಹಿಂಡುವವಳು ಆಕೆ. ಹಿಂಡಿದ ಮೇಲೆ ಆಕೆ ಧೋತರವನ್ನು ಬೇಲಿಯ ಮೇಲೆ ಹರವಿ ಒಳಗೆ ಹೋಗಿ ಒಲೆ ಹೊತ್ತಿಸುತ್ತಿದ್ದಳು. ನಾನು ಬೋಗುಣಿಯನ್ನು ಏಣಿ ಹತ್ತಿ ಮಾಳಿಗೆಯ ಮೇಲೆ ಬಿಸಿಲಿಗೆ ಇಡುತ್ತಿದ್ದೆ. ಸಂಜೆಗೆ ನೀರು ಇಂಗಿ ತಳದಲ್ಲಿ ಸ್ವಲ್ಪ ಉಳಿದಿರುತ್ತಿತ್ತು. ಅದನ್ನು ಸೀಸೆಗೆ ಹೊಯ್ಯುವುದೂ ನನ್ನ ಪಾಲಿಗೆ. ಒಂದು ವಾರ ಕಳೆದ ಮೇಲೆ, ಬಟ್ಟೆ ಹಾಸುವಾಗ ನಾನು ಧೈರ್ಯ ಮಾಡಿ ಕೇಳಿದೆ.

"ಚಿಗವ್ವ, ಸಂಕ್ರಾಂತಿಗೆ ಹೋಗತೀಯೇನು?"

"ಸೀಸೆ ತುಂಬಿಸಿಕೊಟ್ಟು ಹೋಗತೀನಿ. ತಪ್ಪು ನಂದು, ಅರ್ಧಕ್ಕ ಬಿಟ್ಟು ಹೋಗಾಕ ಬರೂದಿಲ್ಲ."

"ಹೋಗಿ?"

ಆಕೆ ಬಟ್ಟೆಯ ಮೂಲೆ ಸರಿಮಾಡಿದಳು. "ಹೋದಮ್ಯಾಲ ನೋಡೂಣು."

ಹೋದಮೇಲೆ ನೋಡೋಣ ಅನ್ನುವ ಮಾತು ದೊಡ್ಡವರು ಯಾವಾಗ ಆಡುತ್ತಾರೆ ಅಂತ ನನಗೆ ಗೊತ್ತಿತ್ತು. ಅವ್ವ ಎಲ್ಲಿ ಅಂತ ಕೇಳಿದಾಗಲೂ ಹೀಗೇ ಏನೋ ಅಂದಿದ್ದರು. ಆ ಸಂಜೆ ಮಾಳಿಗೆಯ ಮೇಲೆ ಬೋಗುಣಿ ಎತ್ತಿಕೊಂಡವಳು, ಸೀಸೆಗೆ ಅರ್ಧ ಹೊಯ್ದು, ಉಳಿದ ಅರ್ಧವನ್ನು ಮಾಳಿಗೆಯ ಅಂಚಿನಿಂದ ಕೆಳಗಿನ ತಿಪ್ಪೆಗೆ ಚೆಲ್ಲಿದೆ. ಮರುದಿನವೂ ಚೆಲ್ಲಿದೆ. ಸೀಸೆ ತುಂಬದಿದ್ದರೆ ಆಕೆ ಹೋಗುವ ಹಾಗಿಲ್ಲ. ಇದಕ್ಕಿಂತ ಸರಳ ಉಪಾಯ ಆಮೇಲೆ ನನ್ನ ಜೀವನದಲ್ಲಿ ಯಾವುದಕ್ಕೂ ಹೊಳೆಯಲಿಲ್ಲ. ಅಮ್ಮ ದಿನಾ ಸಂಜೆ ಸೀಸೆ ಎತ್ತಿ ಚಿಮಣಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಳು. "ಈ ಸಲ ಇಬ್ಬನ್ಯಾಗ ಸತ್ವ ಇಲ್ಲ," ಅಂದು ಇಡುತ್ತಿದ್ದಳು.

ಐದಾರು ದಿನ ಹೀಗೆ ನಡೆಯಿತು. ಒಂದು ಮಧ್ಯಾಹ್ನ ನೀಲವ್ವ ಹೊಟ್ಟೆ ಹಿಡಿದುಕೊಂಡು, ಗೋಡೆ ಹಿಡಿದು ನಮ್ಮ ಪಡಸಾಲೆ ಹತ್ತಿದಳು. ಬಾವಿಯ ಕಟ್ಟೆಯ ಮೇಲೆ ಅಷ್ಟು ಮಾತಾಡುವವಳ ಮುಖ ಬಿಳಿಚಿಕೊಂಡಿತ್ತು. ಹೋದ ವರ್ಷದ ಹುಳಿ ಮುಗಿದಿತ್ತು. ಅಮ್ಮ ಹೊಸ ಸೀಸೆ ತಂದಳು. ತಳದಲ್ಲಿ ನಾಲ್ಕು ಬೆರಳಿನಷ್ಟಿತ್ತು, ಇನ್ನೂ ತೆಳು. ನಾಲ್ಕು ಹನಿ ಕೆಲಸ ಮಾಡಲಿಲ್ಲ. ಅಮ್ಮ ಮತ್ತೆ ಹೊಯ್ದಳು, ಮತ್ತೆ. ಚಿಗವ್ವ ಹೋಗಿ ನೀಲವ್ವನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಹೊಟ್ಟೆಗೆ ಹಿಡಿದಳು. ನಾನು ಕಂಬದ ಹಿಂದೆ ನಿಂತು ತಿಪ್ಪೆಗೆ ಚೆಲ್ಲಿದ್ದು ಎಷ್ಟಿರಬಹುದು ಅಂತ ನೆನೆಸುತ್ತಿದ್ದೆ. ಎತ್ತು ನೀರು ಕುಡಿಯುವ ಸಪ್ಪಳ, ನೀಲವ್ವನ ನರಳಾಟ. ಬೆಳಕಿಂಡಿಯ ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುವಷ್ಟರಲ್ಲಿ ಆಕೆಗೆ ಆರಾಮಾಯಿತು. ಹುಳಿಯಿಂದ ಆಯಿತೋ ಇಟ್ಟಿಗೆಯಿಂದ ಆಯಿತೋ. ಎದ್ದು ಕೂತು ಮೊದಲು ಆಡಿದ ಮಾತು ಚಿಗವ್ವನಿಗೆ.

"ನಿನ್ನ ತೊಡಿ ಭಾಳ ಗಟ್ಟಿ ಐತೆವ್ವ. ಕುತಿಗಿ ಹಿಡದೈತಿ ನಂಗ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದಿನಿಂದ ನಾನು ಒಂದು ಹನಿಯನ್ನೂ ಚೆಲ್ಲಲಿಲ್ಲ. ಚಿಗವ್ವ ಹೋದರೆ ಹೋಗಲಿ ಅಂತ ಅಲ್ಲ. ಹೋಗಬಾರದು ಅನ್ನುವುದು ಹಾಗೇ ಇತ್ತು. ಅದಕ್ಕಾಗಿ ಇನ್ನೊಬ್ಬರ ಹೊಟ್ಟೆ ನೋಯಬಾರದು ಅನ್ನುವುದೂ ಅದರ ಪಕ್ಕದಲ್ಲಿ ಬಂದು ಕೂತಿತು. ಎರಡನ್ನೂ ಇಟ್ಟುಕೊಂಡು ದಿನ ಎಣಿಸಿದೆ.

ಆ ಉಳಿದ ದಿನಗಳಲ್ಲಿ ಮಂಜು ಇನ್ನೂ ದಟ್ಟವಾಗಿ ಬಿತ್ತು. ಎಳ್ಳಮಾವಾಸ್ಯೆ ಆಗಲೇ ಕಳೆದಿತ್ತು. ಮುಂಜಾನೆ ಬೋಗುಣಿ ಮಾಳಿಗೆಯ ಮೇಲಿಟ್ಟು ಇಳಿದ ಮೇಲೆ ನಾನು ಬೇಲಿಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲುತ್ತಿದ್ದೆ. ಹರವಿದ ಧೋತರದ ಅಂಚಿನಿಂದ ಹನಿ ಹನಿ ಬೀಳುತ್ತಿದ್ದವು. ಕೆಳಗಿನ ಕರಿ ಮಣ್ಣಿನಲ್ಲಿ ಸಾಲಾಗಿ ಸಣ್ಣ ಕುಳಿ ಬೀಳುತ್ತಿದ್ದವು. ಇರುವೆಗಳು ಆ ಕುಳಿಗಳನ್ನು ಸುತ್ತಿಹಾಕಿ ಹೋಗುತ್ತಿದ್ದವು. ಆ ಸಾಲು ನೋಡುತ್ತ ಶಾಲೆಗೆ ತಡವಾದದ್ದಿದೆ. ಹುಳಿ ಸೀಸೆಯಲ್ಲಿ ಏರಿತು, ಆದರೆ ನಿಧಾನ. ನಾನು ಚೆಲ್ಲುವುದು ಬಿಟ್ಟ ಮೇಲೆ ಇಷ್ಟೊತ್ತಿಗೆ ತುಂಬಬೇಕಿತ್ತಲ್ಲ ಅಂತ ಅನ್ನಿಸಿದ್ದಿದೆ. ಕೇಳುವ ಹಾಗಿರಲಿಲ್ಲ.

ಭೋಗಿಯ ದಿನ ಚಿಗವ್ವನ ಅಣ್ಣ ಬಂದ. ಬಸ್ಸಿಳಿದು ನಡೆದು ಬಂದವನ ಹೆಗಲ ಮೇಲೆ ಅರ್ಧ ಚೀಲ ಹೊಸ ಅಕ್ಕಿ. ಕಾಲು ತೊಳೆದು ಕೂತ. ಸಜ್ಜೆ ರೊಟ್ಟಿ, ಬದನೆಕಾಯಿ, ಕಡಲೆ ಸೊಪ್ಪಿನ ಪಲ್ಯ ಹಾಕಿದರು. ಮೆಚ್ಚಿಕೊಂಡು ಉಂಡ. ಕೈ ತೊಳೆದ ಮೇಲೆ ವಿಷಯ ತೆಗೆದ.

"ಎವ್ವಾ, ತಂಗೀನ ಕರಕೊಂಡು ಹೋಗತೀನ್ರಿ. ಎರಡು ತಿಂಗಳು ಇದ್ದು ಬರಲಿ. ಭಾಳ ಸೊರಗ್ಯಾಳ."

"ಕರಕೊಂಡು ಹೋಗಪ್ಪ," ಅಂದಳು ಅಮ್ಮ. "ಆಕಿ ಟ್ರಂಕು ಅಲ್ಲೇ ಐತಿ."

ನಾನು ಎತ್ತಿನ ಗೋದಲಿಯ ಹಿಂದೆ ಹೋಗಿ ನಿಂತೆ. ಅಲ್ಲಿಂದ ಪಡಸಾಲೆ ಕಾಣುತ್ತಿತ್ತು, ನಾನು ಕಾಣುತ್ತಿರಲಿಲ್ಲ. ಚಿಗವ್ವ ಒಳಗೆ ಹೋದಳು. ಟ್ರಂಕಿನ ಕೊಂಡಿಯ ಸಪ್ಪಳಕ್ಕೆ ಕಾದೆ. ಬಂದದ್ದು ಗಾಜು ಕಲ್ಲಿಗೆ ತಾಗಿದ ಸಪ್ಪಳ. ಆಕೆ ಹಸಿರು ಸೀಸೆಯನ್ನು ತಂದು ಅಣ್ಣನ ಮುಂದೆ ನೆಲದ ಮೇಲೆ ಇಟ್ಟಳು.

"ಇದು ತುಂಬಿಲ್ಲಣ್ಣ."

"ಏನಿದು?"

"ಕಡ್ಲಿ ಹುಳಿ. ನಾ ಒಗದು ಹಾಳು ಮಾಡೀನಿ, ನಾನ ತುಂಬಿಸಿಕೊಡಬೇಕು. ಇನ್ನ ಎರಡು ಬಟ್ಟು ಕಡಿಮಿ ಐತಿ. ನೀ ಶಿವರಾತ್ರಿಗೆ ಬಾ."

ನಾನು ಒಗೆದೆ ಅಂತ ಹೇಳಿದ್ದ ಸುಳ್ಳು ಅಲ್ಲಿಗೆ ಮುಗಿಯಿತು. ಅಣ್ಣ ಸೀಸೆಯನ್ನೂ ತಂಗಿಯನ್ನೂ ನೋಡಿದ. ಎರಡು ಬೆರಳು ಹುಳಿ ನೀರಿಗಾಗಿ ಹೆಣ್ಣುಮಗಳು ತವರಿಗೆ ಬರುವುದಿಲ್ಲ ಅನ್ನುವುದು ಆತನಿಗೆ ಅರ್ಥವಾಗಲಿಲ್ಲ. ಅಮ್ಮನ ಕಡೆ ತಿರುಗಿದ. ಅಮ್ಮ ಸೀಸೆಯನ್ನು ಎತ್ತಿ ಬೆಳಕಿಗೆ ಹಿಡಿದು, ಕುತ್ತಿಗೆಯ ಹತ್ತಿರ ಬೆರಳು ಇಟ್ಟು ಅಳೆದಳು.

"ಹೌದಪ್ಪ, ಎರಡು ಬಟ್ಟು ಕಡಿಮಿ ಐತಿ," ಅಂದಳು. "ಅರ್ಧಾ ಮಾಡಿದ ಕೆಲಸ ಬಿಟ್ಟು ಹೋಗು ಅಂತ ನಾ ಹೆಂಗ ಹೇಳಲಿ?"

ಆತ ಸಂಕ್ರಾಂತಿ ಮುಗಿಸಿಕೊಂಡು ಒಬ್ಬನೇ ಹೋದ. ಶಿವರಾತ್ರಿಗೆ ಬಂದು ಕರೆದುಕೊಂಡು ಹೋದಾಗ ಕಡಲೆ ಕಿತ್ತು, ಬಡಿದು, ಕಾಳು ಮನೆಗೆ ಬಂದಿತ್ತು. ದೊಡ್ಡ ಹಕ್ಕಿಗಳೂ ಹೋಗಿದ್ದವು. ಎರಡು ತಿಂಗಳು ಅಂತ ಹೋದ ಚಿಗವ್ವ ಹನ್ನೊಂದನೆಯ ದಿನಕ್ಕೆ ತಲೆಯ ಮೇಲೆ ಅಕ್ಕಿಯ ಗಂಟು ಇಟ್ಟುಕೊಂಡು ಉರಿಬಿಸಿಲಲ್ಲಿ ಒಬ್ಬಳೇ ನಡೆದು ಬಂದಳು. "ಅಲ್ಲಿ ಭಾಳ ಗದ್ದಲವ್ವ," ಅಂದಳು. ಬಾವಿಯ ಹತ್ತಿರ ನೀಲವ್ವ ಆಕೆಯ ಕೊಡ ಇಳಿಸಿಕೊಟ್ಟಳು.

ಮುಂದೆ ಆಕೆ ನಮ್ಮ ಮನೆಯಲ್ಲಿ ಬಾಳಿದಳು. ಅಮ್ಮನ ನಂತರ ಸೀಸೆ ಆಕೆಯ ಕೈಗೆ ಬಂತು. ನನ್ನ ಮದುವೆಯಲ್ಲಿ ಅವ್ವನ ಜಾಗದಲ್ಲಿ ಕೂತವಳು ಆಕೆ. ನಾನು ಏಳನೇ ಇಯತ್ತೆ ಓದಿದವಳು, ಅಳವಂಡಿಯ ಕಡೆಗೆ ಕೊಟ್ಟ ಹೆಣ್ಣು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಈ ಚಳಿಗಾಲದಲ್ಲಿ ಚಿಗವ್ವ ಹಾಸಿಗೆ ಹಿಡಿದಾಗ ಹೋಗಿ ನಲವತ್ತು ದಿನ ಆಕೆಯ ಹತ್ತಿರ ಇದ್ದೆ. ಒಂದು ಮಧ್ಯಾಹ್ನ, ಇನ್ನು ಹೇಳದಿದ್ದರೆ ಹೇಳುವುದಿಲ್ಲ ಅನ್ನಿಸಿ, ಮಾಳಿಗೆಯ ಮೇಲಿಂದ ಹುಳಿ ಚೆಲ್ಲಿದ್ದನ್ನು ಹೇಳಿದೆ. ಆಕೆ ಕಣ್ಣು ಮುಚ್ಚಿಕೊಂಡೇ ನಕ್ಕಳು.

"ನೀ ಒಬ್ಬಾಕಿನ ಅಂತ ತಿಳಕೊಂಡಿಯೇನು?"

ಅಮ್ಮನೂ ಚೆಲ್ಲಿರಬೇಕು ಅಂತ ನಾನು ತಿಳಿದೆ. ಕೇಳಬೇಕು ಅನ್ನುವಷ್ಟರಲ್ಲಿ ಕೆಮ್ಮು ಬಂತು, ನೀರು ಕುಡಿಸಿದೆ, ನಿದ್ದೆ ಹತ್ತಿತು. ಮತ್ತೆ ಆ ಮಾತು ತೆಗೆಯುವ ಹೊತ್ತು ಸಿಗಲಿಲ್ಲ.

ಆಕೆ ಹೋಗಿ ಮೂರು ದಿನಕ್ಕೆ ಆಕೆಯ ಸೀರೆಗಳನ್ನು ನಾನೇ ಒಗೆದೆ. ಯಾರಿಗೂ ಕೊಡಲಿಲ್ಲ. ನನ್ನ ಕೈಯಲ್ಲಿ ಮೊದಲೇ ಕಸುವಿಲ್ಲ, ಈಗ ಗಂಟುನೋವು ಬೇರೆ. ಹಿಂಡಿದಷ್ಟು ಹಿಂಡಿ ಬೇಲಿಯ ಮೇಲೆ ಹಾಕಿದೆ. ಹೊಲದ ಮೇಲೆ ಮಂಜು ಇನ್ನೂ ಇತ್ತು. ಸೀರೆಯ ಅಂಚಿನಿಂದ ನೀರು ತೊಟ್ಟಿಕ್ಕತೊಡಗಿತು, ಕೆಳಗೆ ಕರಿ ಮಣ್ಣಿನಲ್ಲಿ ಸಾಲಾಗಿ ಕುಳಿ ಬಿದ್ದವು. ಇರುವೆಗಳು ಬಂದವು. ನಾನು ನೋಡುತ್ತ ನಿಂತೆ.

ಚಿಗವ್ವ ಹಿಂಡಿದ ಬಟ್ಟೆ ಎಂದೂ ಹನಿಯುತ್ತಿರಲಿಲ್ಲ. ಆ ಒಂದು ಚಳಿಗಾಲ, ಆ ಒಂದು ಧೋತರ ಮಾತ್ರ ದಿನಾ ಮುಂಜಾನೆ ಬೇಲಿಯ ಮೇಲೆ ಹನಿಯುತ್ತಿತ್ತು. ನಾನು ದಿನಾ ಅದನ್ನು ನೋಡಿದ್ದೆ. ಇಬ್ಬನಿ ಅಂದುಕೊಂಡಿದ್ದೆ.